ಎರಡು ಕಾರ್ಡು ಕೂಡಿದರೆ ಎರಡಾಗುತ್ತದೆಯೇ?

ನಗರಗೆರೆಯಿಂದ ತಂಗಿಯ ಮಗ ಒಂದು ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದ. ಅಡಿಗೆ ಒಂದಿಂಚು ಕಡಿಮೆ ಉದ್ದದ ಗ್ರಾಫಿಕ್ಸ್ ಕಾರ್ಡು. ನಟ್ಟನಡುವೆ ಒಂದೇ ಫ್ಯಾನು, ಅದರ ಎರಡೂ ಮಗ್ಗುಲಿಗೆ ಪುಟ್ಟ ಪಾರದರ್ಶಕ ಕಿಟಕಿ. ಕಿಟಕಿಯೊಳಗೆ ಲೋಹದ ತೆಳು ತಗಡುಗಳ ಸಾಲು ಕಾಣುತ್ತಿತ್ತು. ಕೆಳಗೆ ಬರೆದಿದ್ದ: ‘ಮಾವ, ಇದರಲ್ಲಿ ಎರಡು ಚಿಪ್ ಐತಂತೆ. ಸೆಕೆಂಡ್ ಹ್ಯಾಂಡು. ತಗೊಳ್ಳಾ?’ ಎರಡು ನಿಮಿಷ ಬಿಟ್ಟು ಇನ್ನೊಂದು ಬಂತು: ‘ಇಲ್ಲಾಂದ್ರೆ ನಮ್ಮನೇಲಿರೋ ಕಾರ್ಡಿನಂಥದ್ದೇ ಇನ್ನೊಂದು ತಂದು ಪಕ್ಕದಲ್ಲಿ ಹಾಕ್ಲಾ?’

ಹುಡುಗ ಡಿಪ್ಲೊಮಾ ಓದುತ್ತಾನೆ. ರಜೆಯಲ್ಲಿ ದುಡಿದು ಕೂಡಿಟ್ಟ ದುಡ್ಡಿದೆ, ಹೊಸ ಗೇಮ್‌ಗಳನ್ನು ಆಡುವ ಆಸೆ ಇದೆ. ಗೌರಿಬಿದನೂರಿನಿಂದ ರೈಲು ಹತ್ತಿದರೆ ಬೆಂಗಳೂರು, ಅಲ್ಲಿ ಎಸ್‌.ಪಿ. ರೋಡಿನ ಸಂದಿಗೊಂದಿಗಳಲ್ಲಿ ಹಳೆಯ ಕಾರ್ಡುಗಳ ರಾಶಿ. ಒಂದು ಸಲ ಹೋಗಿ ತಂದದ್ದು ಸರಿಯಿಲ್ಲವೆಂದರೆ ಇನ್ನೊಂದು ದಿನ, ಇನ್ನೊಂದು ಟಿಕೆಟ್ಟು, ವಾಪಸು ತೆಗೆದುಕೊಳ್ಳುತ್ತಾರೆಂಬ ಖಾತ್ರಿಯೂ ಇಲ್ಲ. ಹಾಗಾಗಿ ಫೋನಿನಲ್ಲಿ ‘ಬೇಡ’ ಎಂದಷ್ಟೇ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಅವನ ಎರಡೂ ಪ್ರಶ್ನೆಗಳ ಹಿಂದೆ ಒಂದೇ ನಂಬಿಕೆ ಇತ್ತು. ಒಂದು ಎತ್ತಿನ ಪಕ್ಕ ಇನ್ನೊಂದು ಕಟ್ಟಿದರೆ ನೇಗಿಲು ಹಗುರಾಗುವ ಹಾಗೆ, ಒಂದು ಚಿಪ್ಪಿನ ಪಕ್ಕ ಇನ್ನೊಂದು ಇಟ್ಟರೆ ಆಟ ಎರಡು ಪಟ್ಟು ಜೋರಾಗುತ್ತದೆ ಎಂಬುದು ಆ ನಂಬಿಕೆ. ಅದು ಎಲ್ಲಿ ನಿಜ, ಎಲ್ಲಿ ಸುಳ್ಳು ಎಂಬುದನ್ನು ಅವನಿಗೆ ಬಿಡಿಸಿ ಹೇಳಬೇಕಿತ್ತು.

ಒಂದು ಕಾಲದಲ್ಲಿ ಅದು ಬಹುಮಟ್ಟಿಗೆ ನಿಜವೇ ಆಗಿತ್ತು. 1998ರಲ್ಲಿ ತ್ರೀಡಿಎಫ್‌ಎಕ್ಸ್ ಎಂಬ ಅಮೆರಿಕದ ಕಂಪನಿ ವೂಡೂ2 ಎಂಬ ಕಾರ್ಡನ್ನು ತಂದಿತು. ಅಂಥ ಎರಡು ಕಾರ್ಡುಗಳನ್ನು ಒಂದು ಪಟ್ಟಿ ಕೇಬಲ್ಲಿನಿಂದ ಜೋಡಿಸಿದರೆ, ಪರದೆಯ ಒಂದು ಗೆರೆಯನ್ನು ಒಂದು ಕಾರ್ಡು ಬರೆಯುತ್ತಿತ್ತು, ಮುಂದಿನ ಗೆರೆಯನ್ನು ಇನ್ನೊಂದು. ಒಂಟಿ ಕಾರ್ಡು 800×600ರ ಚಿತ್ರ ತೋರಿಸುತ್ತಿದ್ದರೆ ಜೋಡಿ 1024×768ಕ್ಕೆ ಏರುತ್ತಿತ್ತು. ಈ ಪದ್ಧತಿಗೆ ಅವರು ಇಟ್ಟ ಹೆಸರು ಎಸ್‌ಎಲ್‌ಐ. ಆಗಿನ ಆಟಗಳ ಚಿತ್ರ ಸರಳ. ಐದನೇ ಗೆರೆ ಬರೆಯಲು ನಾಲ್ಕನೇ ಗೆರೆಯಲ್ಲಿ ಏನಿದೆ ಎಂದು ತಿಳಿಯುವ ಅಗತ್ಯ ಇರಲಿಲ್ಲ. ಹಾಗಾಗಿ ಕೆಲಸ ಸರಿಯಾಗಿ ಎರಡು ಪಾಲಾಗುತ್ತಿತ್ತು.

2000ದ ಕೊನೆಗೆ ಆ ಕಂಪನಿ ಮುಳುಗಿ ಅದರ ಆಸ್ತಿಯನ್ನು ಎನ್‌ವಿಡಿಯಾ ಕೊಂಡಿತು. 2004ರಲ್ಲಿ ಎಸ್‌ಎಲ್‌ಐ ಎಂಬ ಮೂರಕ್ಷರವನ್ನೇ ಮತ್ತೆ ಹೊರತಂದಿತು, ಆದರೆ ಒಳಗಿನ ಲೆಕ್ಕ ಬದಲಾಗಿತ್ತು. ಮರುವರ್ಷ ಎಟಿಐ ಕಂಪನಿಯ (ಮುಂದೆ ಎಎಂಡಿಯ ಪಾಲಾದದ್ದು) ಕ್ರಾಸ್‌ಫೈರ್ ಬಂತು. ಇವೆರಡರಲ್ಲೂ ಹೆಚ್ಚು ಬಳಕೆಯಾದದ್ದು ಸರದಿಯ ವಿಧಾನ: ಮೊದಲ ಫ್ರೇಮು ಈ ಕಾರ್ಡಿನದು, ಎರಡನೆಯದು ಆ ಕಾರ್ಡಿನದು, ಮೂರನೆಯದು ಮತ್ತೆ ಈ ಕಾರ್ಡಿನದು. ಒಂದು ಕಾರ್ಡು ತನ್ನ ಫ್ರೇಮು ಬರೆಯುತ್ತಿರುವಾಗಲೇ ಇನ್ನೊಂದು ಮುಂದಿನದನ್ನು ಶುರು ಮಾಡಿರುತ್ತದೆ.

ತಂಗಿಯ ಮಗ ಫೋಟೊ ಕಳಿಸಿದ್ದು ಎನ್‌ವಿಡಿಯಾದ ಜಿಟಿಎಕ್ಸ್ 690. 2012ರಲ್ಲಿ 999 ಡಾಲರಿಗೆ ಬಂದ ಕಾರ್ಡು, ತನ್ನ ಕಾಲದ ರಾಜ. ಇದರ ಹೊದಿಕೆ ಬಿಚ್ಚಿ ನೋಡಿದವರಿಗೆ ಗೊತ್ತು: ಫ್ಯಾನಿನ ಆಚೆಗೊಂದು ಈಚೆಗೊಂದು ಚಿಪ್, ಪ್ರತಿ ಚಿಪ್ಪಿನ ಸುತ್ತ ಅದರದೇ ಮೆಮೊರಿ, ನಡುವೆ ಎರಡಕ್ಕೂ ದಾರಿ ಹಂಚುವ ಒಂದು ಸೇತುವೆ ಚಿಪ್. ಕೊಳ್ಳುವವರು ಇಲ್ಲಿಯೇ ಮೋಸಹೋಗುವುದು. ಕಾರ್ಡು ಒಂದೇ, ಸ್ಲಾಟು ಒಂದೇ, ಆದರೆ ಕಂಪ್ಯೂಟರಿನ ಕಣ್ಣಿಗೆ ಅವು ಎರಡು ಬೇರೆ ಕಾರ್ಡುಗಳೇ. ಅದೇ ಎಸ್‌ಎಲ್‌ಐ, ಅದೇ ಸರದಿ. ಡ್ರೈವರಿನಲ್ಲಿ ಆ ಗೇಮಿಗೆ ಬೇಕಾದ ಪ್ರೊಫೈಲ್ ಇಲ್ಲದಿದ್ದರೆ ಎರಡನೇ ಚಿಪ್ ಸುಮ್ಮನೆ ಕೂತಿರುತ್ತದೆ. ಡಬ್ಬಿಯ ಮೇಲೆ 4 ಜಿಬಿ ಎಂದು ಬರೆದಿರುತ್ತದೆ. ನಿಜವಾಗಿ ಸಿಗುವುದು 2 ಜಿಬಿ ಮಾತ್ರ, ಏಕೆಂದರೆ ಆಟದ ಗೋಡೆ, ಮರ, ಮುಖಗಳ ಚಿತ್ರಗಳೆಲ್ಲ ಎರಡೂ ಚಿಪ್ಪುಗಳ ಮೆಮೊರಿಯಲ್ಲಿ ಒಂದೊಂದು ಪ್ರತಿ ಇರಲೇಬೇಕು. ಒಂದೇ ಪುಸ್ತಕದ ಎರಡು ಪ್ರತಿ ಇಟ್ಟುಕೊಂಡವನ ಮನೆಯಲ್ಲಿ ಎರಡು ಪುಸ್ತಕ ಇದೆ ಎನ್ನಲಾಗುವುದಿಲ್ಲ.

ಹಾಗಿದ್ದರೆ ಜೋಡಿ ಚಿಪ್ಪಿನ ಕಾರ್ಡಿಗೂ ಎರಡು ಬಿಡಿ ಕಾರ್ಡಿಗೂ ವ್ಯತ್ಯಾಸ ಏನು? ಶಾಖ ಮತ್ತು ಜಾಗ. ಜಿಟಿಎಕ್ಸ್ 680 ಎಂಬ ಬಿಡಿ ಕಾರ್ಡು 1006 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು, 195 ವ್ಯಾಟ್ ಎಳೆಯುತ್ತಿತ್ತು. ಅದೇ ಚಿಪ್ಪನ್ನು ಎರಡಾಗಿ 690ರ ಒಂದೇ ಹಲಗೆಯ ಮೇಲೆ ಕೂರಿಸಿದಾಗ ವೇಗವನ್ನು 915ಕ್ಕೆ ಇಳಿಸಬೇಕಾಯಿತು. 390 ವ್ಯಾಟಿನ ಬದಲು 300ರಲ್ಲಿ ಕೆಲಸ ಮುಗಿಯಿತು ಎಂಬುದು ಲಾಭ, ವೇಗ ಕುಂದಿತು ಎಂಬುದು ನಷ್ಟ. ಇಕ್ಕಟ್ಟಾದ ಕ್ಯಾಬಿನೆಟ್ ಇದ್ದವರಿಗೆ, ಒಂದೇ ಉದ್ದ ಸ್ಲಾಟ್ ಇರುವ ಮದರ್‌ಬೋರ್ಡ್ ಇದ್ದವರಿಗೆ 690 ವರವಾಗಿತ್ತು. ಬಿಡಿ ಕಾರ್ಡುಗಳ ಗುಣ ಬೇರೆ: ಈ ವರ್ಷ ಒಂದು, ಮುಂದಿನ ವರ್ಷ ದುಡ್ಡು ಕೂಡಿದಾಗ ಇನ್ನೊಂದು ಕೊಳ್ಳಬಹುದು. ಒಂದು ಸುಟ್ಟರೆ ಇನ್ನೊಂದರಲ್ಲಿ ಆಟ ನಡೆಯುತ್ತದೆ. ಮಾರುವಾಗ ಎರಡು ಗಿರಾಕಿಗಳು. ಆ ಕಾಲದಲ್ಲಿ ಯಾರಾದರೂ ಕೇಳಿದ್ದರೆ ನಾನು ಬಿಡಿ ಕಾರ್ಡಿನ ಕಡೆಗೇ ವಾಲುತ್ತಿದ್ದೆ. ಸಣ್ಣ ಊರಿನಲ್ಲಿ ರಿಪೇರಿಗೆ ಕೊಟ್ಟ ಕಾರ್ಡು ತಿಂಗಳುಗಟ್ಟಲೆ ಬರುವುದಿಲ್ಲ. ಕೈಯಲ್ಲಿ ಇನ್ನೊಂದು ಉಳಿದಿರುವುದು ದೊಡ್ಡ ಸಮಾಧಾನ.

ಜೋಡಿ ಚಿಪ್ಪಿನ ಓಟ ಅಲ್ಲಿಗೇ ನಿಲ್ಲಲಿಲ್ಲ. 2014ರಲ್ಲಿ ಎಎಂಡಿ ತಂದ ಆರ್9 295ಎಕ್ಸ್2 ಒಂದೇ ಕಾರ್ಡು 500 ವ್ಯಾಟ್ ಬೇಡುತ್ತಿತ್ತು. ಅದನ್ನು ತಣಿಸಲು ಫ್ಯಾನು ಸಾಲದೆ ನೀರಿನ ಕೊಳವೆ, ರೇಡಿಯೇಟರ್ ಕಟ್ಟಿಯೇ ಮಾರಿದರು. ಅದೇ ವರ್ಷ ಎನ್‌ವಿಡಿಯಾ ಟೈಟನ್ ಜಡ್ ಎಂಬ ಜೋಡಿಗೆ 2,999 ಡಾಲರ್ ಬೆಲೆ ಇಟ್ಟಿತು. 2016ರಲ್ಲಿ ಎಎಂಡಿಯ ರೇಡಿಯಾನ್ ಪ್ರೊ ಡ್ಯುಯೊ ಬಂತು. ಆಮೇಲೆ ಗೇಮಿಂಗ್ ಪೇಟೆಯಲ್ಲಿ ಆ ಜಾತಿಯ ಕಾರ್ಡು ಕಾಣಲಿಲ್ಲ.

ಏಕೆ ಕಾಣಲಿಲ್ಲ ಎಂಬುದನ್ನು ಹುಡುಗನಿಗೆ ತಿಳಿಸಲು ನಾನು ಶಿಡ್ಲಘಟ್ಟದ ಮಾತು ತೆಗೆಯಬೇಕಾಯಿತು. ಅವನ ದೊಡ್ಡಪ್ಪನ ಮನೆಯ ಕಡೆ ರೇಷ್ಮೆ ಬೆಳೆಯುತ್ತಾರೆ. ನೂಲು ಬಿಚ್ಚುವ ಕಡೆ ಅವನು ನಿಂತು ನೋಡಿದ್ದಾನೆ. ಬಿಸಿನೀರಿನ ತೊಟ್ಟಿಯಲ್ಲಿ ಬೆಂದ ಗೂಡುಗಳು ತೇಲುತ್ತವೆ. ಒಂದು ಗೂಡಿನ ಎಳೆ ಕಣ್ಣಿಗೆ ಕಾಣದಷ್ಟು ಸಪೂರ, ಒಂಟಿಯಾಗಿ ಅದು ನೂಲೇ ಅಲ್ಲ. ಎಂಟೋ ಹತ್ತೋ ಗೂಡುಗಳ ಎಳೆಗಳನ್ನು ಒಟ್ಟಿಗೆ ಹಿಡಿದು ಸುತ್ತಿದಾಗ ಒಂದು ದಾರ. ಗೂಡಿನ ಹೊರಗಿನ ಎಳೆ ದಪ್ಪ, ಒಳಗೆ ಹೋದಂತೆ ತೆಳು. ಹಾಗಾಗಿ ಮುಗಿಯುತ್ತ ಬಂದ ಗೂಡುಗಳ ಜೊತೆ ಹೊಸ ಗೂಡುಗಳನ್ನು ಬೆರೆಸುತ್ತಲೇ ಇರಬೇಕು. ಒಂದು ಗೂಡು ಖಾಲಿಯಾದ ಗಳಿಗೆಯಲ್ಲಿ ಬಿಚ್ಚುವ ಹೆಂಗಸು ಇನ್ನೊಂದರ ಎಳೆಯನ್ನು ಬೆರಳ ತುದಿಯಿಂದ ದಾರದ ಬಳಿಗೆ ಎಸೆಯುತ್ತಾಳೆ, ಅದು ತಾನಾಗಿ ಸುತ್ತಿಕೊಂಡು ಹೋಗುತ್ತದೆ. ಆ ಕೈ ಕ್ಷಣಕಾಲ ತಡವಾದರೆ ದಾರ ಅಲ್ಲೊಂದು ಕಡೆ ಸಣ್ಣಗಾಗುತ್ತದೆ. ಎರಡು ಎಳೆ ಒಟ್ಟಿಗೆ ಸೇರಿಬಿಟ್ಟರೆ ಗಂಟಿನಂತೆ ಉಬ್ಬುತ್ತದೆ. ಸಮ ದಾರದ ಲಡಿ, ಗಂಟುಬಿದ್ದ ದಾರದ ಲಡಿ ಎರಡನ್ನೂ ತೂಕಕ್ಕೆ ಹಾಕಿದರೆ ಒಂದೇ ತೂಕ ಬರಬಹುದು. ಮಗ್ಗಕ್ಕೆ ಏರಿಸಿದಾಗಲೇ ಗೊತ್ತಾಗುವುದು ಯಾವುದು ಒಳ್ಳೆಯ ನೂಲು ಎಂದು.

ಎರಡು ಕಾರ್ಡುಗಳ ಆಟದಲ್ಲಿ ಆಗುತ್ತಿದ್ದುದು ಇದೇ. ಸೆಕೆಂಡಿಗೆ 60 ಫ್ರೇಮು ಎಂದರೆ ಒಂದೊಂದು ಫ್ರೇಮಿಗೂ ಸುಮಾರು 16.7 ಮಿಲಿಸೆಕೆಂಡ್. ಸರದಿಯ ವಿಧಾನದಲ್ಲಿ ಎರಡೂ ಕಾರ್ಡುಗಳು ಒಂದೇ ಅಂತರದಲ್ಲಿ ಫ್ರೇಮು ಒಪ್ಪಿಸಬೇಕು, ಆದರೆ ಒಪ್ಪಿಸುತ್ತಿರಲಿಲ್ಲ. ಒಂದು ಫ್ರೇಮು 8 ಮಿಲಿಸೆಕೆಂಡಿಗೇ ಬಂದು, ಅದರ ಬೆನ್ನಿಗೆ ಇನ್ನೊಂದು 25 ಮಿಲಿಸೆಕೆಂಡ್ ತಡವಾಗಿ ಬಂತು ಅನ್ನಿ. ಎರಡೂ ಸೇರಿ 33. ಪರದೆಯ ಮೂಲೆಯ ಮೀಟರು 60 ಎಂದೇ ತೋರಿಸುತ್ತದೆ. ಆಡುವವನ ಕಣ್ಣು ಹಿಡಿಯುವುದು ಆ 25ನ್ನು, ಅಂದರೆ ಸೆಕೆಂಡಿಗೆ 40 ಫ್ರೇಮಿನಂಥ ಅನುಭವ, ಜೊತೆಗೆ ಸಣ್ಣ ನಡುಕ. ಗೇಮರುಗಳು ಇದನ್ನು ಮೈಕ್ರೊಸ್ಟಟರ್ ಎನ್ನುತ್ತಾರೆ. ವರ್ಷಗಟ್ಟಲೆ ಪರೀಕ್ಷಕರು ಲಡಿಯ ತೂಕವನ್ನಷ್ಟೇ ಬರೆದರು. 2011ರಿಂದ ಈಚೆಗೆ ಕೆಲವರು ಫ್ರೇಮು ಫ್ರೇಮಿನ ನಡುವಿನ ಕಾಲ ಅಳೆಯತೊಡಗಿದ ಮೇಲೆ ಗಂಟುಗಳು ಎದ್ದು ಕಂಡವು. 2013ರಲ್ಲಿ ಎಎಂಡಿ ಫ್ರೇಮುಗಳ ಅಂತರ ಸಮ ಮಾಡುವ ಹೊಸ ಡ್ರೈವರ್ ಹೊರಡಿಸಬೇಕಾಯಿತು. ಸಮ ಮಾಡಿದರೂ ಒಂದು ಕೊರತೆ ಉಳಿಯಿತು: ಸರದಿಯಲ್ಲಿ ಫ್ರೇಮುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು, ಮೌಸ್ ಒತ್ತಿದ್ದರ ಫಲ ಪರದೆಗೆ ಬರುವ ಹೊತ್ತು ಕಡಿಮೆಯಾಗುವುದಿಲ್ಲ. ಒಂದೊಂದು ಫ್ರೇಮನ್ನೂ ಬರೆಯುವುದು ಒಂಟಿ ಕಾರ್ಡೇ ತಾನೆ?

ಕೊನೆಯ ಪೆಟ್ಟು ಕೊಟ್ಟದ್ದು ಆಟಗಳೇ. ಈಗಿನ ಗೇಮು ಪ್ರತಿ ಫ್ರೇಮನ್ನೂ ಸೊನ್ನೆಯಿಂದ ಬರೆಯುವುದಿಲ್ಲ. ಅಂಚುಗಳ ಗರಗಸದಂಥ ಹಲ್ಲು ನಯಗೊಳಿಸಲು, ಬೆಳಕಿನ ಪ್ರತಿಫಲನ ತುಂಬಲು, ಚಿಕ್ಕ ಚಿತ್ರವನ್ನು ಹಿಗ್ಗಿಸಿ ದೊಡ್ಡದು ಮಾಡಲು ಹಿಂದಿನ ಫ್ರೇಮನ್ನು ನೋಡಿಕೊಂಡೇ ಮುಂದಿನದನ್ನು ಬರೆಯುತ್ತದೆ. ಚಿತ್ರ ಹಿಗ್ಗಿಸುವ ಡಿಎಲ್‌ಎಸ್‌ಎಸ್‌ನಂಥ ತಂತ್ರ ನಿಂತಿರುವುದೇ ಇದರ ಮೇಲೆ. ಆದರೆ ಸರದಿಯಲ್ಲಿ ಹಿಂದಿನ ಫ್ರೇಮು ಯಾವಾಗಲೂ ಇನ್ನೊಂದು ಕಾರ್ಡಿನ ಮೆಮೊರಿಯಲ್ಲಿ. ಅದನ್ನು ತರಿಸಿಕೊಳ್ಳಬೇಕು. 2560×1440ರ ಒಂದು ಫ್ರೇಮನ್ನು ಪ್ರತಿ ಚುಕ್ಕಿಗೆ 8 ಬೈಟಿನಂತೆ ಲೆಕ್ಕ ಹಾಕಿದರೆ ಸುಮಾರು 29 ಎಂಬಿ. ಎಸ್‌ಎಲ್‌ಐ ಕಾಲದ ಸಾಮಾನ್ಯ ಮದರ್‌ಬೋರ್ಡಿನಲ್ಲಿ ಎರಡು ಕಾರ್ಡು ಹಾಕಿದರೆ ಒಂದೊಂದು ಸ್ಲಾಟಿಗೂ ಸಿಗುತ್ತಿದ್ದ ಮೂರನೇ ತಲೆಮಾರಿನ ಎಂಟು ಪಿಸಿಐಇ ದಾರಿಗಳಲ್ಲಿ ಸೆಕೆಂಡಿಗೆ 8 ಜಿಬಿಗಿಂತ ತುಸು ಕಡಿಮೆ ಹರಿಯುತ್ತದೆ. 29 ಎಂಬಿ ದಾಟಲು ಹತ್ತಿರಹತ್ತಿರ 4 ಮಿಲಿಸೆಕೆಂಡ್. ಇರುವ 16.7ರಲ್ಲಿ ಕಾಲುಭಾಗ ಬರೀ ಸಾಗಣೆಗೆ ಹೋಯಿತು, ಅದೂ ಒಂದೇ ಚಿತ್ರಕ್ಕೆ. ಅಂಥ ಮೂರು ನಾಲ್ಕು ಬೇಕಾಗುತ್ತವೆ. ಅದೇ ಚಿತ್ರ ತನ್ನದೇ ಮೆಮೊರಿಯಲ್ಲಿದ್ದರೆ ಓದಲು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲು ಸಾಕು.

2015ರಲ್ಲಿ ಡೈರೆಕ್ಟ್‌ಎಕ್ಸ್ 12 ಬಂದಾಗ ಒಂದು ಹೊಸ ಆಸೆ ಚಿಗುರಿತ್ತು. ಡ್ರೈವರಿನ ಹಂಗಿಲ್ಲದೆ ಗೇಮು ಬರೆಯುವವರೇ ಎರಡು ಕಾರ್ಡುಗಳಿಗೆ ಕೆಲಸ ಹಂಚಬಹುದಾಗಿತ್ತು. ಆ್ಯಶಸ್ ಆಫ್ ದಿ ಸಿಂಗ್ಯುಲಾರಿಟಿ ಎಂಬ ಗೇಮಿನಲ್ಲಿ ಒಂದು ಎಎಂಡಿ, ಒಂದು ಎನ್‌ವಿಡಿಯಾ ಕಾರ್ಡು ಒಟ್ಟಿಗೆ ದುಡಿಯುತ್ತಿದ್ದವು. ಆದರೆ ಎರಡು ಕಾರ್ಡು ಇಟ್ಟುಕೊಂಡಿರುವ ಹಿಡಿಯಷ್ಟು ಜನರಿಗಾಗಿ ಅಷ್ಟು ಕಷ್ಟದ ಕೆಲಸವನ್ನು ಯಾವ ಸ್ಟುಡಿಯೊ ತಾನೇ ಮೈಮೇಲೆ ಎಳೆದುಕೊಂಡೀತು? 2019ರ ಆರ್‌ಎಕ್ಸ್ 5700ರಲ್ಲಿ ಎಎಂಡಿ ಕ್ರಾಸ್‌ಫೈರ್ ಬಿಟ್ಟಿತು. 2020ರ ಸಾಲಿನಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 3090 ಒಂದಕ್ಕೆ ಮಾತ್ರ ಜೋಡಿಸುವ ಅವಕಾಶ ಉಳಿಸಿತು, 2021ರ ಜನವರಿಯಿಂದ ಹೊಸ ಎಸ್‌ಎಲ್‌ಐ ಪ್ರೊಫೈಲ್ ಬರೆಯುವುದನ್ನೇ ನಿಲ್ಲಿಸಿತು. 2022ರ 40ರ ಸಾಲಿನ ಗೇಮಿಂಗ್ ಕಾರ್ಡುಗಳಲ್ಲಿ ಜೋಡಿಸುವ ಕೊಂಡಿಯೇ ಇಲ್ಲ.

ಇಷ್ಟು ಹೇಳಿದ ಮೇಲೆ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ: ‘ಮತ್ತೆ ಎಐ ಅಂತಾರಲ್ಲ, ಅಲ್ಲಿ ಸಾವಿರಾರು ಕಾರ್ಡು ಒಟ್ಟಿಗೆ ಹಾಕ್ತಾರಂತಲ್ಲ ಮಾವ?’

ಹಾಕುತ್ತಾರೆ. ಅದು ಏಕೆ ನಡೆಯುತ್ತದೆ ಎಂದು ತೋರಿಸಲು ಅವನ ತಾಲ್ಲೂಕಿನಿಂದ ಆಚೆ ಹೋಗಬೇಕಾಗಿಲ್ಲ. ಗೌರಿಬಿದನೂರಿನ ಬಳಿ 1976ರಿಂದ ಒಂದು ರೇಡಿಯೊ ದೂರದರ್ಶಕ ಇದೆ, ರಾಮನ್ ಸಂಶೋಧನಾ ಸಂಸ್ಥೆ ಮತ್ತು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್ ಎರಡೂ ಸೇರಿ ಕಟ್ಟಿದ್ದು. ದೂರದರ್ಶಕ ಎಂದರೆ ಕೊಳವೆ, ಗಾಜು ಏನೂ ಅಲ್ಲ. ನೆಲದ ಮೇಲೆ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಕಂಬ ನೆಟ್ಟು ಕಟ್ಟಿದ ಸಾವಿರ ಆಂಟೆನಾಗಳು. ಪೂರ್ವ-ಪಶ್ಚಿಮದ ಸುಮಾರು 1.4 ಕಿ.ಮೀ. ಸಾಲಿನಲ್ಲಿ 640, ದಕ್ಷಿಣಕ್ಕೆ ಚಾಚಿದ 450 ಮೀಟರಿನ ಸಾಲಿನಲ್ಲಿ 360. ಅವನ್ನು ಕಟ್ಟಿದ್ದು ಆಕಾಶದಿಂದ ಬರುವ 34.5 ಮೆಗಾಹರ್ಟ್ಸ್‌ನ ಕ್ಷೀಣ ಅಲೆಗಳನ್ನು ಹಿಡಿಯಲು. ಒಂದು ಆಂಟೆನಾ ತನ್ನ ಪಾಲಿಗೆ ಬಂದ ಅಲೆಯನ್ನು ಹಿಡಿಯಲು ಪಕ್ಕದ್ದು ಏನು ಹಿಡಿಯಿತು ಎಂದು ಕೇಳಬೇಕಾಗಿಲ್ಲ. ಎಲ್ಲವೂ ತಮ್ಮ ಪಾಡಿಗೆ ಕೇಳಿಸಿಕೊಂಡು, ಕೇಬಲ್ಲಿನಲ್ಲಿ ಸರಿಯಾದ ವಿಳಂಬ ಕೊಟ್ಟು, ಕಡೆಗೆ ಒಂದು ಕಡೆ ಕೂಡಿಸುತ್ತವೆ. ಅದಕ್ಕೇ ಅಲ್ಲಿ ಸಾವಿರ ಎಂದರೆ ಸಾವಿರವೇ. ಅಲ್ಲಿಂದಲೇ ಇಡೀ ಆಕಾಶದ ಬಹುಭಾಗದ ನಕ್ಷೆ ತೆಗೆದು 1990ರಲ್ಲಿ ಪ್ರಕಟಿಸಿದರು. ಪಕ್ಕದಲ್ಲೇ 1997ರಿಂದ ಸೂರ್ಯನ ಹೊರ ಆವರಣವನ್ನು ನೋಡುವ ಇನ್ನೊಂದು ಆಂಟೆನಾ ಸಮೂಹವೂ ಕೆಲಸ ಮಾಡುತ್ತಿದೆ.

ಎಐಗೆ ಪಾಠ ಕಲಿಸುವುದು ಇಂಥ ಕೂಡು ಕೆಲಸ. ಪ್ರತಿ ಕಾರ್ಡಿಗೂ ತನ್ನ ಪಾಲಿನ ದತ್ತಾಂಶ, ತನ್ನ ಪಾಲಿನ ಗುಣಾಕಾರ, ಆಗಾಗ ಎಲ್ಲವೂ ಕೂತು ಫಲ ಕೂಡಿಸಿಕೊಳ್ಳುವುದು. ಕೂಡಿಸಲು ನಾಲ್ಕು ಮಿಲಿಸೆಕೆಂಡ್ ಹೆಚ್ಚಾದರೆ ಯಾರ ಕಣ್ಣೂ ನೋಯುವುದಿಲ್ಲ. ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಅನಿಮೇಷನ್ ತೆಗೆಯುವವರಿಗೂ ಎರಡು ಕಾರ್ಡು ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಚಿತ್ರದ ಈ ಪಾಲು ಇದಕ್ಕೆ, ಆ ಪಾಲು ಅದಕ್ಕೆ. ತಂಗಿಯ ಮಗ ಮುಂದೆ ಅಂಥ ಕೆಲಸಕ್ಕೆ ಇಳಿದರೆ ಎರಡನೇ ಕಾರ್ಡಿನ ಮಾತನ್ನು ನಾನೇ ಎತ್ತುತ್ತೇನೆ.

ಆಟದಲ್ಲೂ ಎರಡನೇ ಕಾರ್ಡಿಗೆ ಒಂದು ಸಣ್ಣ ಕಿಂಡಿ ಈಚೆಗೆ ತೆರೆದಿದೆ. ಲಾಸ್‌ಲೆಸ್ ಸ್ಕೇಲಿಂಗ್ ಎಂಬ ತಂತ್ರಾಂಶ ಹಾಕಿಕೊಂಡರೆ ಆಟವನ್ನು ದೊಡ್ಡ ಕಾರ್ಡು ಬರೆಯುತ್ತದೆ, ಎರಡು ಫ್ರೇಮುಗಳ ನಡುವೆ ಊಹೆಯ ಫ್ರೇಮು ತುಂಬುವ ಕೆಲಸವನ್ನು ಹಳೆಯ ಸಣ್ಣ ಕಾರ್ಡು ನೋಡಿಕೊಳ್ಳುತ್ತದೆ. ಎರಡೂ ಒಂದೇ ಜಾತಿಯವಾಗಿರಬೇಕಿಲ್ಲ. ಪರದೆ ನಯವಾಗಿ ಕಾಣುತ್ತದೆ, ಆದರೆ ಕೈಗೆ ಆಟ ಮೊದಲಿಗಿಂತ ಚುರುಕಾಗುವುದಿಲ್ಲ. ಮನೆಯಲ್ಲಿ ಹಳೆಯ ಕಾರ್ಡು ಬಿದ್ದಿದ್ದರೆ ಹಾಕಿ ನೋಡಬಹುದು. ಅದಕ್ಕಾಗಿಯೇ ದುಡ್ಡು ಕೊಟ್ಟು ತರುವಂಥದ್ದಲ್ಲ.

ಇನ್ನು ಮನೆಯ ಮೀಟರಿನ ಮಾತು. ನಗರಗೆರೆಯಂಥ ಕಡೆ ಇದನ್ನು ಮೊದಲೇ ಹೇಳಬೇಕಿತ್ತೇನೊ. 500 ವ್ಯಾಟಿನ ಕಾರ್ಡು ದಿನಕ್ಕೆ ನಾಲ್ಕು ತಾಸು ಪೂರ್ತಿ ದುಡಿದರೆ 2 ಯೂನಿಟ್, ತಿಂಗಳಿಗೆ 60. ಗೃಹಜ್ಯೋತಿ ಯೋಜನೆಯಲ್ಲಿ ಮನೆಗೆ ಉಚಿತವಾಗಿ ಸಿಕ್ಕಿರುವುದು ಹಳೆಯ ಸರಾಸರಿ ಬಳಕೆಗಿಂತ ತುಸು ಹೆಚ್ಚು ಯೂನಿಟ್. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಮಗನ ಆಟದ ಬಿಲ್ಲು ಅಮ್ಮನ ಕೈಗೆ ಬರುತ್ತದೆ. ಮನೆಮನೆಯಲ್ಲಿರುವ 600 ವಿಎ ಯುಪಿಎಸ್ ತಡೆಯುವುದು ಹೆಚ್ಚೆಂದರೆ 360 ವ್ಯಾಟ್. ಜೋಡಿ ಚಿಪ್ಪಿನ ಕಾರ್ಡು ಪೂರ್ತಿ ದುಡಿಯುತ್ತಿರುವಾಗ ಕರೆಂಟು ಹೋದರೆ ಆ ಯುಪಿಎಸ್ ಒಮ್ಮೆ ಕೂಗಿ ಅಲ್ಲೇ ಆರಿಹೋಗುತ್ತದೆ. ನನ್ನ ಹಳೆಯ ಹಾರ್ಡ್‌ಡಿಸ್ಕೊಂದು ಹಾಗೆಯೇ ಹೋಯಿತು. ಅದರಲ್ಲಿದ್ದ ಮದುವೆ ಫೋಟೊಗಳು ಮತ್ತೆ ಸಿಗಲಿಲ್ಲ.

ಹುಡುಗನಿಗೆ ಕೊಟ್ಟ ಉತ್ತರ ಕೊನೆಗೆ ಇಷ್ಟು. 690 ಬೇಡ. ಅದರ ಪೀಳಿಗೆಗೆ ಹೊಸ ಆಟದ ಡ್ರೈವರ್ ಬರುವುದು 2021ಕ್ಕೇ ನಿಂತಿದೆ, 2 ಜಿಬಿಯಲ್ಲಿ ಈಗಿನ ಗೇಮು ಶುರುವಾಗುವುದೇ ಕಷ್ಟ. ಹಳೆಯ ಕಾರ್ಡಿಗೆ ಜೋಡಿ ಹುಡುಕುವುದೂ ಬೇಡ. ಇದ್ದುದನ್ನು ಮಾರಿ, ಕೂಡಿಟ್ಟದ್ದನ್ನು ಸೇರಿಸಿ ಒಂದೇ ಕಾರ್ಡು ತೆಗೆದುಕೊ. ಹಳೆಯದೇ ಆದರೂ ಆರ್‌ಟಿಎಕ್ಸ್ 3060ರ 12 ಜಿಬಿಯದ್ದು ನೋಡು, 170 ವ್ಯಾಟ್, ನಿನ್ನ ಯುಪಿಎಸ್ ಅದನ್ನು ತಡೆದುಕೊಳ್ಳುತ್ತದೆ. ಡಬ್ಬಿಯ ಮೇಲಿನ ಅಕ್ಷರ ನಂಬಬೇಡ. ಅಂಗಡಿಯಲ್ಲೇ ಕಂಪ್ಯೂಟರಿಗೆ ಹಾಕಿಸಿ ಮೆಮೊರಿ ಎಷ್ಟು ತೋರಿಸುತ್ತದೆ ನೋಡು, ಅರ್ಧ ಗಂಟೆ ಭಾರದ ಆಟ ಓಡಿಸಿ ಶಾಖ ಎಷ್ಟಕ್ಕೆ ನಿಲ್ಲುತ್ತದೆ ನೋಡು, ಫ್ಯಾನಿನ ಸದ್ದಿಗೆ ಕಿವಿಗೊಡು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಡಿಜಿಟಲ್ ಹಣದ ಗಣಿಗಾರಿಕೆ ನಿಂತಾಗ ಹಗಲೂ ರಾತ್ರಿ ದುಡಿದಿದ್ದ ಕಾರ್ಡುಗಳು ಪೇಟೆಗೆ ಬಂದವು. ಅವುಗಳಲ್ಲಿ ಒಳ್ಳೆಯವೂ ಇವೆ, ಮೆಮೊರಿ ಬೆಂದವೂ ಇವೆ.

ಅವನು ಶನಿವಾರದ ಬೆಳಗಿನ ರೈಲಿಗೆ ಹೊರಟ. ಸಂಜೆ ಮತ್ತೊಂದು ಫೋಟೊ ಬಂತು. ಅಂಗಡಿಯ ಪರದೆಯ ಮೇಲೆ ಆಟ ಓಡುತ್ತಿದೆ, ಮೂಲೆಯಲ್ಲಿ ಫ್ರೇಮುಗಳ ಸಂಖ್ಯೆ. ಅದರ ಕೆಳಗೆ ಅವನೇ ಸೇರಿಸಿಕೊಂಡ ಇನ್ನೊಂದು ಗೆರೆ, ಫ್ರೇಮು ಫ್ರೇಮಿನ ನಡುವಿನ ಕಾಲದ್ದು. ‘ಮಾವ, ದಾರ ಸಮ ಐತೆ’ ಎಂದು ಬರೆದಿದ್ದ.